ಅತ್ತೆಯ ಇಟ್ಟಂಗಿ ಕಾರ್ಖಾನೆ

ನನಗೆ ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಈ ಹದಿನಾಲ್ಕು ವರ್ಷಗಳಲ್ಲಿ ನಮ್ಮ ಅತ್ತೆಗೂ ನನಗೂ ಒಂದೇ ಒಂದು ಸಲವೂ ಜಗಳವಾಗಿಲ್ಲ! ಹೀಗೆಂದರೆ ನಮ್ಮ ಫ್ಯಾಕ್ಟರಿಯ ಗೆಳೆಯರು ಯಾರೂ ನಂಬುವುದಿಲ್ಲ. "ಏನ್ ಮಂತ್ರ ಹಾಕೀಯಪ್ಪಾ, ನಮಗೂ ಸ್ವಲ್ಪ ಹೇಳಿಕೊಡು" ಎಂದು ಕೈ ಮುಗಿಯುತ್ತಾರೆ. ಮಂತ್ರವೂ ಇಲ್ಲ, ಮಾಟವೂ ಇಲ್ಲ. ಜಗಳವಾಡಬೇಕೆಂದರೆ ಮೊದಲು ಮಾತಾಡಬೇಕಲ್ಲ? ಅವರು ನನ್ನೊಡನೆ ಒಂದು ಮಾತನ್ನೂ ಆಡಿರಲಿಲ್ಲ.

ಸಿಟ್ಟಿತ್ತು ಅಂದುಕೊಳ್ಳಬೇಡಿ. ಇದು ಪದ್ಧತಿ. ಅತ್ತೆ ಕುರುಗೋಡಿನವರು. ಅವರ ಮನೆತನದ ಹೆಂಗಸರು ಅಳಿಯನ ಎದುರು ಕುರ್ಚಿಯ ಮೇಲೆ ಕೂಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದಂತೂ ಇಲ್ಲವೇ ಇಲ್ಲ. ಈ ಕಾಲದಲ್ಲಿ ಇದನ್ನೆಲ್ಲ ಯಾರು ಪಾಲಿಸುತ್ತಾರೆ ಎನ್ನುತ್ತೀರಾ? ನಮ್ಮ ಅತ್ತೆ ಪಾಲಿಸುತ್ತಾರೆ. ಅವರ ಸೊಸೆ ಅವರೆದುರಿಗೇ ನೈಟಿ ಹಾಕಿಕೊಂಡು ಓಡಾಡಿದರೂ ಬೇಸರವಿಲ್ಲ, ಪಕ್ಕದ ಮನೆಯ ಹುಡುಗಿ ಬುಲೆಟ್ ಓಡಿಸಿದರೆ "ಭೇಷ್" ಎನ್ನುತ್ತಾರೆ. ಅಳಿಯನ ವಿಷಯದಲ್ಲಿ ಮಾತ್ರ ಪದ್ಧತಿ ಎಂದರೆ ಪದ್ಧತಿ!

ಅವರು ಈಗ ಇರುವುದು ನಮ್ಮ ಮನೆಯಲ್ಲೇ. ಹಾಗಾದರೆ ಒಂದೇ ಸೂರಿನಡಿ ಸಂಸಾರ ನಡೆಯುವುದು ಹೇಗೆ? ನಡೆಯುತ್ತದೆ. ಹೆಂಡತಿ ಇದ್ದರೆ ಹೆಂಡತಿಯ ಮೂಲಕ, ಮಗಳಿದ್ದರೆ ಮಗಳ ಮೂಲಕ, ಯಾರೂ ಇಲ್ಲದಿದ್ದರೆ ಫ್ರಿಜ್ಜಿನ ಮೂಲಕ. ಅಡುಗೆಮನೆಯಲ್ಲಿ ಫ್ರಿಜ್ಜಿನ ಕಡೆ ಮುಖ ಮಾಡಿ, "ಸಿಲಿಂಡರ್ ಮುಗದೈತಿ. ಯಾರರ ಫೋನ್ ಮಾಡಿದ್ರ ಚೊಲೋ ಇತ್ತು" ಎನ್ನುತ್ತಾರೆ. ನಾನು ಹಾಲಿನಲ್ಲಿ ಟಿವಿಯ ಕಡೆ ಮುಖ ಮಾಡಿ, "ಮಾಡಿದ್ರಾಯ್ತು ಬಿಡು" ಎನ್ನುತ್ತೇನೆ. ಫ್ರಿಜ್ಜಿಗೂ ಟಿವಿಗೂ ಒಳ್ಳೆಯ ಹೊಂದಾಣಿಕೆ.

ಒಮ್ಮೆ ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಕುರುಗೋಡಿಗೆ ಅಣ್ಣನ ಮನೆಗೆ ಹೋಗಿದ್ದಳು. ಸಂಜೆ ನನಗೆ ಅವಳ ಫೋನು ಬಂತು. "ಊಟಕ್ಕ ಏಳ್ರಿ, ತಾಟು ಹಾಕ್ಯಾರಂತ." ತಾಟು ಹಾಕಿದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಅಡುಗೆಮನೆಯಲ್ಲಿ. ನಾನು ಕುಳಿತದ್ದು ಅದೇ ಮನೆಯ ಹಾಲಿನಲ್ಲಿ. ನಡುವೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯ ಮಾತು ಕುರುಗೋಡಿಗೆ ಹೋಗಿ, ಊರು ಸುತ್ತಿಕೊಂಡು, ವಾಪಸ್ಸು ಬಂದಿತ್ತು!

ನಗುವುದೇನೋ ನಗುತ್ತಿದ್ದೆ. ಆದರೆ ನಿಜ ಹೇಳಿಬಿಡುತ್ತೇನೆ, ಒಳಗೊಳಗೇ ನನಗೊಂದು ಆಸೆ ಇತ್ತು. ನನ್ನ ಅವ್ವ ನಾನು ಆರನೇ ಕ್ಲಾಸಿನಲ್ಲಿದ್ದಾಗಲೇ ಹೋದಳು. ಬೈಯುವ ಹೆಂಗಸೇ ಇಲ್ಲದ ಮನೆಯಲ್ಲಿ ಅಪ್ಪ, ಇಬ್ಬರು ಕಾಕಂದಿರು, ನಾನು, ಹೀಗೆ ಗಂಡಸರ ದಂಡಿನಲ್ಲಿ ಬೆಳೆದೆ. ಮದುವೆಯ ಮಾತುಕತೆಗೆ ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ನಾನು ಒಂದು ಕಣ್ಣಲ್ಲಿ ಬಾಗಿಲ ಹಿಂದೆ ನಿಂತ ಅತ್ತೆಯನ್ನೂ ನೋಡಿದ್ದೆ. ಇನ್ನು ಮೇಲೆ ನನಗೂ "ಯಾಕೋ ತಡ ಮಾಡಿದಿ" ಎಂದು ಕೇಳುವವರು ಒಬ್ಬರಿರುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಮಾತು! ಹದಿನಾಲ್ಕು ವರ್ಷ ನಾನು ಕಾದದ್ದು ಒಂದೇ ಒಂದು ನೇರ ಮಾತಿಗಾಗಿ. ಬೈಗುಳವಾದರೂ ಸರಿ.

ಇನ್ನು ಇಟ್ಟಂಗಿಯ ಕಥೆಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಮಗಳ ಹುಟ್ಟುಹಬ್ಬಕ್ಕೆ ಅವಳ ಸೋದರಮಾವ ಒಂದು ದೊಡ್ಡ ಡಬ್ಬಿ ತಂದುಕೊಟ್ಟ. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳು, ಹಲ್ಲಿನ ಚಕ್ರಗಳು, ಕಡ್ಡಿಗಳು, ಮೊಳೆಗಳು, ಎಲ್ಲ ಸೇರಿ ಸಾವಿರಾರು ತುಂಡು. ಮಗಳು ಚಿತ್ರ ನೋಡಿಕೊಂಡು ಎರಡು ದಿನ ಏನೋ ಕಟ್ಟಿದಳು, ಮೂರನೆಯ ದಿನ ಮಂಚದ ಕೆಳಗೆ ನೂಕಿದಳು. ಅದೇ ವಾರ ಅತ್ತೆ ಮೊಣಕಾಲು ನೋವಿಗೆ ತೋರಿಸಲೆಂದು ಬಳ್ಳಾರಿಗೆ ಬಂದರು. ಕಸ ಗುಡಿಸುವಾಗ ಡಬ್ಬಿ ಸಿಕ್ಕಿತು. "ಇದೇನವ್ವಾ ಇಟ್ಟಂಗಿ?" ಎಂದು ಮೊಮ್ಮಗಳನ್ನು ಕೇಳಿದರು. ಎಂಟು ದಿನಕ್ಕೆಂದು ಬಂದವರು ಆಮೇಲೆ ಹೋಗಲೇ ಇಲ್ಲ!

ಮೊದಲು ಅವರು ಮಾಡಿದ ಕೆಲಸ ಏನು ಗೊತ್ತೇ? ಅಷ್ಟೂ ತುಂಡುಗಳನ್ನು ಮೊರಕ್ಕೆ ಹಾಕಿ ಕೇರಿದರು. ಅಕ್ಕಿ ಕೇರುವ ಹಾಗೆಯೇ. ದೊಡ್ಡ ಇಟ್ಟಿಗೆಗಳು ಹಿಂದಕ್ಕೆ ಸರಿದವು, ಸಣ್ಣ ಮೊಳೆಗಳು ಮುಂದಕ್ಕೆ ಬಂದವು, ಚಕ್ರಗಳು ನಡುವೆ ಉಳಿದವು. ನಾನೂ ನನ್ನ ಮಗಳೂ ಅರ್ಧ ದಿನ ಕುಳಿತು ಆರಿಸಬೇಕಾದದ್ದನ್ನು ಅವರು ಒಂದು ಹಾಡು ಮುಗಿಯುವುದರೊಳಗೆ ಮುಗಿಸಿದರು. ಆಮೇಲೆ ಅವೆಲ್ಲ ಡಬ್ಬಿ ಸೇರಿದವು. ಯಾವ ಡಬ್ಬಿ? ಅಡುಗೆಮನೆಯ ಡಬ್ಬಿಗಳೇ! ಉದ್ದಿನಬೇಳೆ ಡಬ್ಬಿಯಲ್ಲಿ ಇಟ್ಟಿಗೆ, ರವೆ ಡಬ್ಬಿಯಲ್ಲಿ ಚಕ್ರ, ಒಗ್ಗರಣೆ ಡಬ್ಬಿಯ ಒಂದು ಬಟ್ಟಲಲ್ಲಿ ಕಂದು ಬಣ್ಣದ ಪುಟ್ಟ ಮೊಳೆಗಳು.

ಅದರ ಫಲ ಒಂದು ಮಧ್ಯಾಹ್ನ ನನ್ನ ಬಾಯಿಗೆ ಬಂತು. ರೊಟ್ಟಿಯ ಜೊತೆ ಪುಂಡಿಪಲ್ಯೆ ತಿನ್ನುತ್ತಿದ್ದೆ, ಹಲ್ಲಿಗೆ ಕಟಕ್ಕೆಂದಿತು. ಕಲ್ಲಿರಬೇಕು ಎಂದು ನಾಲಿಗೆಯಿಂದ ಪಕ್ಕಕ್ಕೆ ಸರಿಸುತ್ತಿರುವಾಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ಸೆರಗು ಕಾಣಿಸಿತು. ದನಿಯಲ್ಲಿ ಗಾಬರಿ.

"ಪುಟ್ಟೀ, ಅಳ್ಯಾರಿಗೆ ಹೇಳು, ನುಂಗಬ್ಯಾಡ್ರಿ ಅಂತ!"

ಆಹಾ, ನನ್ನ ಪ್ರಾಣದ ಮೇಲೆ ಎಷ್ಟು ಕಾಳಜಿ ಎಂದು ನನ್ನ ಕಣ್ಣು ಒದ್ದೆಯಾಗುವುದರಲ್ಲಿತ್ತು. ಅಷ್ಟರಲ್ಲಿ ಮುಂದಿನ ಮಾತು ಬಂತು.

"ಆ ಅಳತಿ ಮೊಳೀ ಅದೊಂದ ಐತಿ!"

ಅತ್ತೆ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಯಂತ್ರದ ಹುಚ್ಚು ಹತ್ತಿದ್ದು ಸಿರುಗುಪ್ಪದಲ್ಲಿ. ಮಾವ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾಗ ಹೊಸ ಸಂಸಾರ ಅಲ್ಲೇ ಇತ್ತು. ದಿನಾ ಬುತ್ತಿ ತೆಗೆದುಕೊಂಡು ಹೋಗುವುದು ಅತ್ತೆಯ ಕೆಲಸ. ಹೋದವರು ಗಿರಣಿಯ ಬಾಗಿಲಲ್ಲಿ ನಿಂತು ಯಂತ್ರದ ಬೆಲ್ಟಿನ ಪಟ್ಟಾ ತಿರುಗುವುದನ್ನು, ಭತ್ತ ಬುಟ್ಟಿಬುಟ್ಟಿಯಾಗಿ ಮೇಲೇರುವುದನ್ನು ನೋಡುತ್ತಾ ತಾಸುಗಟ್ಟಲೆ ನಿಂತುಬಿಡುತ್ತಿದ್ದರಂತೆ. ಬುತ್ತಿ ಕೈಯಲ್ಲೇ ಆರುತ್ತಿತ್ತು. ಮಾವ ಬದುಕಿದ್ದಾಗ ನನಗೆ ಹೇಳಿದ್ದರು, "ನಾ ಆ ಗಿರಣ್ಯಾಗ ಒಂದ್ ದಿನನೂ ಬಿಸಿ ಅನ್ನ ಉಂಡಿಲ್ರಿ. ಆಕಿ ಬರೋದು ನನ್ನ ನೋಡಾಕಲ್ಲ, ಮಿಶಿನ್ ನೋಡಾಕ."

ಹಾಗಾಗಿ ಅತ್ತೆಯ ಮೊದಲ ಯಂತ್ರ ಆ ಗಿರಣಿಯದೇ ಕೂಸು. ಹಿಡಿಕೆ ತಿರುಗಿಸಿದರೆ ಸಣ್ಣ ಸಣ್ಣ ಪ್ಲಾಸ್ಟಿಕ್ ಬುಟ್ಟಿಗಳು ಕೆಳಗಿನ ಬಟ್ಟಲಿನಿಂದ ಅಕ್ಕಿಕಾಳು ತುಂಬಿಕೊಂಡು ಮೇಲೇರಿ ಇನ್ನೊಂದು ಬಟ್ಟಲಿಗೆ ಸುರಿಯುತ್ತಿದ್ದವು. ಪಟ್ಟಾಕ್ಕೆ ನಮ್ಮ ಫ್ಯಾಕ್ಟರಿಯ ಜೀನ್ಸಿನ ಸೊಂಟದ ಇಲಾಸ್ಟಿಕ್ಕು, ಹಗ್ಗಕ್ಕೆ ಜೀನ್ಸ್ ಹೊಲಿಯುವ ದಪ್ಪ ದಾರ. ನಾನು ಕಟಿಂಗ್ ವಿಭಾಗದವನು. ಪ್ಯಾಂಟು ಕತ್ತರಿಸು ಎಂದರೆ ಕಣ್ಣು ಮುಚ್ಚಿ ಕತ್ತರಿಸುತ್ತೇನೆ, ಯಂತ್ರ ಎಂದರೆ ಮಾತ್ರ ನನಗೆ ಸ್ವಿಚ್ಚಿನಾಚೆಗೆ ಏನೂ ಗೊತ್ತಿಲ್ಲ. ಆದರೂ ಕೌತುಕ ತಡೆಯದೆ ಮಗಳಿಗೆ ಹೇಳಿದೆ, "ಪುಟ್ಟಿ, ಅಜ್ಜಿಗೆ ಕೇಳು, ಅಕ್ಕಿ ಮ್ಯಾಲಿನ ಬಟ್ಟಲಕ್ಕ ಹೋತು. ಮುಂದ?"

"ಮುಂದ ಅದನ್ನ ತಗದು ಕೆಳಗಿನ ಬಟ್ಟಲಕ್ಕ ಹಾಕೋದಂತ, ಅಪ್ಪಾ."

"ಆಮ್ಯಾಲೆ?"

"ಆಮ್ಯಾಲೆ ಮತ್ತ ಮ್ಯಾಲಕ್ಕ ಹೋಗತೈತಂತ!"

ಒಂದು ತಿಂಗಳು ಆ ಒಂದೇ ಹಿಡಿ ಅಕ್ಕಿ ಮೇಲೆ ಕೆಳಗೆ ಪ್ರಯಾಣ ಮಾಡಿತು. ಕೊನೆಗೆ ಅದನ್ನು ಅನ್ನ ಮಾಡಿ ಬಡಿಸಿದಾಗ ನನಗೆ ಪಾಪ ಅನ್ನಿಸಿತು.

ಇಟ್ಟಿಗೆ ಸಾಲದಾಯಿತು. ದೀಪಾವಳಿಗೆ ಅತ್ತೆಗೆ ಸೀರೆ ತರುವುದು ರೂಢಿ. ಆ ಸಲ ಹೆಂಡತಿಯ ಮೂಲಕ ಅಪ್ಪಣೆ ಬಂತು. ಸೀರೆ ಬೇಡ, ಇಟ್ಟಂಗಿ ಬೇಕು, ಹಲ್ಲಿನ ಗಾಲಿ ಜಾಸ್ತಿ ಇರುವುದು ಬೇಕು. ನಾನು ಪೇಟೆಯ ಆಟಿಕೆ ಅಂಗಡಿಗೆ ಹೋದೆ. ಅಂಗಡಿಯವನು ನಾಲ್ಕು ಡಬ್ಬಿ ಹರಡಿ, ವಯಸ್ಸಿಗೆ ತಕ್ಕಂತೆ ಕೊಡಬೇಕು ಎಂದು ಕೇಳಿದ, "ಮಗೂಗ ವಯಸ್ಸೆಷ್ಟು ಸಾರ್?"

"ಅರವತ್ತೆಂಟು" ಎಂದೆ.

ಅವನು ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. "ಇದರಾಗ ಹನ್ನೆರಡರ ತನಕ ಅಷ್ಟ ಬರದಾರ ಸಾರ್" ಎಂದ.

ಡಾಕ್ಟರ ಪ್ರಸಂಗವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೊಣಕಾಲು ತೋರಿಸಲು ಹೋದಾಗ ಅತ್ತೆ ಚೀಲದಲ್ಲಿ ಒಂದು ಇಟ್ಟಿಗೆಯ ಮೊಣಕಾಲನ್ನೇ ಒಯ್ದಿದ್ದರು! ಮೇಲೊಂದು ಎಲುಬು, ಕೆಳಗೊಂದು ಎಲುಬು, ನಡುವೆ ಕೀಲು, ಹಿಂದೆ ರಬ್ಬರ್ ಬ್ಯಾಂಡಿನ ನರ. ಮಡಚಿ ತೋರಿಸಿ, "ಇಲ್ಲಿಗೆ ಬಂದಾಗ ಹಿಡಿತೈತ್ರಿ. ಕೀಲು ಸವದೈತೋ, ಎಣ್ಣಿ ಆರೈತೋ ನೋಡ್ರಿ" ಎಂದರಂತೆ. ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಲೇ ಹೋಯಿತು. ಕೊನೆಗೆ ಅತ್ತೆಗೆ ಎಣ್ಣೆ, ಮಾತ್ರೆ, ವ್ಯಾಯಾಮ ಬರೆದುಕೊಟ್ಟು, ಇಟ್ಟಿಗೆಯ ಮೊಣಕಾಲನ್ನು ತಾವೇ ಇಟ್ಟುಕೊಂಡರು. ಈಗಲೂ ಅವರ ಮೇಜಿನ ಮೇಲಿದೆ.

ಇನ್ನು ಚಹಾದ ಗಾಡಿ. ಮೊದಲೆಲ್ಲ ಅತ್ತೆ ನನಗೆ ಚಹಾ ಕೊಡುವ ಕ್ರಮವೇ ಬೇರೆ ಇತ್ತು. ಕಪ್ಪನ್ನು ಹೊಸ್ತಿಲ ಬಳಿ ಇಟ್ಟು, ಚಮಚದಿಂದ ಎರಡು ಸಲ ಟಣ್ ಟಣ್ ಎನಿಸಿ ಒಳಗೆ ಹೋಗಿಬಿಡುವುದು. ಮೊಣಕಾಲು ನೋವಿನಿಂದ ಬಾಗುವುದು ಕಷ್ಟವಾದಾಗ ಅಡುಗೆಮನೆಯ ಕಟ್ಟೆಯಿಂದ ನನ್ನ ಕುರ್ಚಿಯ ಪಕ್ಕದ ಮೇಜಿನವರೆಗೆ ಒಂದು ಉದ್ದನೆಯ ಹಲಗೆ ಹಾಕಿಸಿದರು. ಅದರ ಮೇಲೆ ನಾಲ್ಕು ಗಾಲಿಯ ಇಟ್ಟಿಗೆ ಗಾಡಿ. ನನ್ನ ಮೇಜಿನಂಚಿನ ರಾಟೆಯನ್ನು ಬಳಸಿ ಬಂದ ಜೀನ್ಸ್ ದಾರ ಅದನ್ನು ಎಳೆಯಬೇಕು. ದಾರ ಸುತ್ತುವ ಹಿಡಿಕೆ ಅಡುಗೆಮನೆಯಲ್ಲಿ. ಅಳಿಯನ ಮುಖ ನೋಡದೆ ಅಳಿಯನಿಗೆ ಚಹಾ ಮುಟ್ಟಿಸುವ ಯಂತ್ರ ಜಗತ್ತಿನಲ್ಲಿ ಬೇರೆ ಯಾರಾದರೂ ಕಂಡುಹಿಡಿದಿದ್ದಾರೆಯೇ? ನನಗಂತೂ ಗೊತ್ತಿಲ್ಲ.

ಮೊದಲ ದಿನ ಒಳಗಿನಿಂದ ಕರ್ರ್ ಎಂದು ಸದ್ದು ಬಂತು. ನಾನು ಪೇಪರಿನಿಂದ ತಲೆಯೆತ್ತುವಷ್ಟರಲ್ಲಿ ಗಾಡಿ ಬಂದಿತು, ನಿಂತಿತು. ಚಹಾ ಮಾತ್ರ ನಿಲ್ಲಲಿಲ್ಲ! ನನ್ನ ಬಿಳಿಯ ಅಂಗಿ, ಪೇಪರು, ಹಿಂದಿನ ಗೋಡೆಯ ಕ್ಯಾಲೆಂಡರು, ಎಲ್ಲಕ್ಕೂ ಅಭಿಷೇಕವಾಯಿತು. ನಾನು "ಅಯ್ಯಯ್ಯೋ" ಎಂದು ಕುಣಿಯುತ್ತಿದ್ದರೆ ಅತ್ತೆ ಮೊಮ್ಮಗಳನ್ನು ಓಡಿಸಿದರು. ಅವಳ ಕೈಯಲ್ಲಿ ಟೇಪು. "ಅಪ್ಪಾ, ಅಲ್ಲಾಡಬ್ಯಾಡ. ಎಷ್ಟು ದೂರ ಹಾರೈತಿ ಅಂತ ಅಳದು ಬಾ ಅಂದಾಳ ಅಜ್ಜಿ."

ಮರುದಿನ ಸಣ್ಣ ಗಾಲಿ ದೊಡ್ಡ ಗಾಲಿಯನ್ನು ತಿರುಗಿಸುವ ಹಾಗೆ ಬದಲಾಯಿಸಿದರು. ಈಗ ಗಾಡಿ ಒಂದು ತೊಟ್ಟೂ ಚೆಲ್ಲದೆ ಬಂತು. ಆದರೆ ಹೊರಟಾಗ ಹೊಗೆಯಾಡುತ್ತಿದ್ದ ಚಹಾ ಮುಟ್ಟುವಾಗ ಕೆನೆಗಟ್ಟಿತ್ತು. ನಾನು ಮಗಳ ಮೂಲಕ ದೂರು ಸಲ್ಲಿಸಿದೆ. ಉತ್ತರ ಬಂತು. "ಜೋರು ಬೇಕಂದ್ರ ಬಲ ಇರಂಗಿಲ್ಲ, ಬಲ ಬೇಕಂದ್ರ ಜೋರು ಇರಂಗಿಲ್ಲ. ಗಾಲಿ ಧರ್ಮ ಅದು."

"ಎರಡೂ ಬೇಕಂದ್ರ ಏನ್ ಮಾಡಬೇಕು ಅಂತ ಕೇಳು."

ಮಗಳು ಒಳಗೆ ಹೋಗಿ ಬಂದಳು. "ಎದ್ದು ಬಂದು ತಗೋಬೇಕಂತ!"

ಇಷ್ಟಾದ ಮೇಲೆ ಸುದ್ದಿ ಹೊರಗೆ ಹೋಗದೆ ಇರುತ್ತದೆಯೇ? ನನ್ನ ಹೆಂಡತಿಯ ಗೆಳತಿಯೊಬ್ಬಳು ಸಿರುಗುಪ್ಪದ ಆಚೆ ರಾರಾವಿಯ ಹತ್ತಿರದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಮನೆಗೆ ಬಂದವಳು ಹಿಡಿಕೆ ತಿರುಗಿಸಿ ನೋಡಿ ಬೆರಗಾದಳು. "ಅವ್ವಾರ, ನಮ್ಮ ಸಾಲಿಗೆ ಬರ್ರಿ. ಹುಡುಗರು ಪುಸ್ತಕದಾಗ ಚಿತ್ರ ನೋಡಿ ಬಾಯಿಪಾಠ ಮಾಡ್ತಾವ. ಒಮ್ಮೆ ಕೈಲೆ ಮುಟ್ಟಿ ನೋಡ್ಲಿ" ಎಂದು ಕರೆದಳು. ಅತ್ತೆ ಎರಡು ದಿನ "ನಾನೇನ್ ಮಾಸ್ತರೇನು" ಎಂದರು. ಮೂರನೆಯ ದಿನ ಹೊಸ ಯಂತ್ರ ಕಟ್ಟಲು ಕೂತರು. ಮಸಾಲೆ ಅರೆಯುವ ಒಳಕಲ್ಲಿನ ಸಣ್ಣ ಗುಂಡನ್ನು ಒಂದೇ ಬೆರಳಿನಿಂದ ಎತ್ತುವ ಯಂತ್ರ! ಕಾಲುವೆಯ ತೂಬಿನ ಬಾಗಿಲನ್ನು ಒಬ್ಬನೇ ಮನುಷ್ಯ ತಿರುಗಿಸಿ ಎತ್ತುವುದನ್ನು ಆ ಕಡೆಯ ಮಕ್ಕಳೆಲ್ಲ ನೋಡಿರುತ್ತಾರಲ್ಲ, ಅದೇ ಉಪಾಯ. ಸಣ್ಣ ಗಾಲಿ, ದೊಡ್ಡ ಗಾಲಿ, ಮತ್ತೆ ಸಣ್ಣದು, ಮತ್ತೆ ದೊಡ್ಡದು, ಮೇಲೆ ಎರಡು ರಾಟೆ. ಹದಿನೇಳು ಸಲ ಗುಂಡು ಬಿತ್ತು, ಎರಡು ಟೈಲ್ಸು ಒಡೆದವು. ಹದಿನೆಂಟನೆಯ ಸಲ ನಿಂತಿತು.

ಹೋಗುವ ದಿನ ಬಂದಾಗ ಪೇಚಾಟ ಶುರುವಾಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿಗೆ ರಜೆ ಸಿಗಲಿಲ್ಲ. ಮಗಳಿಗೆ ಪರೀಕ್ಷೆ. ಅತ್ತೆಯ ಜೊತೆ ಹೋಗಲು ಉಳಿದವನು ನಾನೊಬ್ಬನೇ! ಫ್ರಿಜ್ಜನ್ನು ಬಸ್ಸಿನಲ್ಲಿ ಒಯ್ಯಲಾಗುತ್ತದೆಯೇ?

ಬೆಳಗಿನ ಸಿರುಗುಪ್ಪದ ಬಸ್ಸು ಹತ್ತಿದೆವು. ಅತ್ತೆ ಮುಂದೆ ಹೆಂಗಸರ ಸೀಟಿನಲ್ಲಿ. ನಾನು ನಾಲ್ಕು ಸಾಲು ಹಿಂದೆ, ತೊಡೆಯ ಮೇಲೆ ಯಂತ್ರದ ಪೆಟ್ಟಿಗೆ, ಕಾಲ ಬಳಿ ಗುಂಡುಕಲ್ಲು. ಬಸ್ಸು ಊರು ದಾಟುವ ಮೊದಲೇ ಅತ್ತೆ ಕಂಡಕ್ಟರನನ್ನು ಹಿಡಿದರು.

"ತಮ್ಮಾ, ಹಿಂದ ಪೆಟಗಿ ಹಿಡಕೊಂಡು ಕುಂತಾರಲ್ಲ, ಅವರಿಗೆ ಹೇಳಪ್ಪಾ, ಪೆಟಗಿ ಓರೆ ಆಗೈತಿ ಅಂತ."

ಕಂಡಕ್ಟರ ಬಂದು ಹೇಳಿದ. ನಾನು, "ಸರಿ ಮಾಡಿದೆ ಅಂತ ಹೇಳಪ್ಪಾ" ಎಂದೆ. ಅವನು ಹೋಗಿ ಹೇಳಿದ. ಮತ್ತೆ ಬಂದ. "ಗುಂಡು ಉರುಳೀತು, ಕಾಲು ಅಡ್ಡ ಇಟ್ಟುಕೋರಿ ಅಂತ." "ಇಟ್ಟೀನಿ ಅಂತ ಹೇಳು." ಮತ್ತೆ ಹೋದ, ಮತ್ತೆ ಬಂದ. "ಕಾಲು ನೋಯ್ತಾವೇನು ಅಂತ." ಐದನೆಯ ಸಲಕ್ಕೆ ಅವನ ತಾಳ್ಮೆ ಮುಗಿಯಿತು. ನನ್ನ ಕಿವಿಯ ಬಳಿ ಬಗ್ಗಿ ಕೇಳಿದ, "ಯಣ್ಣಾ, ಜಗಳ ಆಡಿ ಬಂದೀರೇನು?"

"ಇಲ್ಲಪ್ಪಾ, ಅತ್ತಿ, ಅಳಿಯ."

ಅವನ ಮುಖ ಅರಳಿತು. "ಹಂಗನ್ರಿ ಮತ್ತ! ನಮ್ಮ ಮನ್ಯಾಗೂ ಹಿಂಗ ಐತಿ" ಎಂದು ಹೇಳಿ, ಸಿರುಗುಪ್ಪ ಬರುವವರೆಗೂ ಉತ್ಸಾಹದಿಂದ ಸುದ್ದಿ ಸಾಗಿಸಿದ. ಅಲ್ಲಿಂದ ರಾರಾವಿ ಕಡೆಗೆ ಆಟೋ. ಆಟೋದವನಿಗೆ ನಾವು ಏನೂ ಹೇಳುವ ಅಗತ್ಯವೇ ಬೀಳಲಿಲ್ಲ, ಅವನೇ ದಾರಿಯುದ್ದಕ್ಕೂ ಮಾತಾಡಿದ.

ಶಾಲೆಯಲ್ಲಿ ಆರು, ಏಳು, ಎಂಟನೆಯ ಕ್ಲಾಸಿನ ಮಕ್ಕಳು ನೆಲದ ಮೇಲೆ ಸಾಲಾಗಿ ಕೂತಿದ್ದರು. ಹಿಂದೆ ಟೀಚರುಗಳು, ಪಕ್ಕದಲ್ಲಿ ಹೆಡ್ ಮಾಸ್ಟರು. ಮೇಜಿನ ಮೇಲೆ ಯಂತ್ರ, ಅದರ ಕೆಳಗೆ ಗುಂಡು. ಅತ್ತೆ ಎದ್ದು ನಿಂತರು. ಸೆರಗು ಎಳೆದುಕೊಂಡರು. ಅಷ್ಟೂ ಕಣ್ಣುಗಳು ಅವರ ಮೇಲೆ. ಬಾಯಿ ತೆರೆದರು, ಮುಚ್ಚಿದರು. ಜೀವನವಿಡೀ ಬಾಗಿಲ ಹಿಂದೆ ನಿಂತು ಮಾತಾಡಿದವರಿಗೆ ಅಲ್ಲಿ ಹಿಂದೆ ನಿಲ್ಲಲು ಬಾಗಿಲೇ ಇರಲಿಲ್ಲ! ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಹುಡುಗರು ಗುಸುಗುಸು ಶುರು ಮಾಡಿದರು. ಹೆಡ್ ಮಾಸ್ಟರು ಗಡಿಯಾರ ನೋಡಿಕೊಂಡರು. ಅತ್ತೆ ಮೆಲ್ಲಗೆ ಮುಂದಿನ ಸಾಲಿನ ಒಂದು ಹುಡುಗಿಯ ಕಡೆ ಬಗ್ಗಿ, "ಅವ್ವಾ, ಅಳ್ಯಾರಿಗೆ ಹೇಳು, ಅವರ ಹೇಳ್ಲಿ" ಎಂದರು.

ನಾನು! ಸ್ವಿಚ್ಚಿನಾಚೆಗೆ ಏನೂ ಗೊತ್ತಿಲ್ಲದ ನಾನು! ಆದರೂ ಎದ್ದೆ. ಮನೆಯಲ್ಲಿ ಎರಡು ವರ್ಷ ಕೇಳಿದ್ದನ್ನೇ ಹೇಳಿದರಾಯಿತು ಎಂದುಕೊಂಡು ಗಂಟಲು ಸರಿಮಾಡಿಕೊಂಡೆ.

"ಮಕ್ಕಳೇ, ಇಲ್ಲಿ ದೊಡ್ಡ ಗಾಲಿ ಐತಿ ನೋಡ್ರಿ. ಇದು ದೊಡ್ಡದು, ಅದಕ್ಕ ಸಣ್ಣದಕ್ಕಿಂತ ಜೋರ್ ತಿರಗತೈತಿ."

ಅತ್ತೆ ಆ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದರು. ಹುಡುಗಿ ಎದ್ದು ಕೈಕಟ್ಟಿ ನಿಂತಳು. "ಸರ್ರ, ತಪ್ಪಂತ್ರಿ. ದೊಡ್ಡದು ಸಾವಕಾಶ ತಿರಗತೈತಂತ್ರಿ." ಮಕ್ಕಳು ನಕ್ಕರು.

"ಹೌದ್ಹೌದು, ಸಾವಕಾಶ" ಎಂದು ಬೆವರು ಒರೆಸಿಕೊಂಡೆ. "ಇದರಿಂದ ಏನಾಗತೈತಿ, ನಮಗ ಪುಕ್ಕಟೆ ಬಲ ಸಿಗತೈತಿ."

ಮತ್ತೆ ಪಿಸುಮಾತು. ಹುಡುಗಿ ಮತ್ತೆ ಎದ್ದಳು. "ಸರ್ರ, ಪುಕ್ಕಟೆ ಏನೂ ಸಿಗಂಗಿಲ್ಲಂತ್ರಿ. ಗುಂಡು ಒಂದು ಗೇಣು ಏಳಾಕ ನಾವು ಭಾಳ ಸುತ್ತು ತಿರುವಬೇಕಂತ್ರಿ." ಈ ಸಲ ನಗು ಇನ್ನೂ ಜೋರಾಯಿತು. ಅತ್ತೆಯ ಕಡೆ ನೋಡಿದೆ. ಸೆರಗು ಭುಜಕ್ಕೆ ಜಾರಿತ್ತು. ತುಟಿ ಕಚ್ಚಿ ಹಿಡಿದಿದ್ದರು, ಮುಖ ಕೆಂಪಗಾಗಿತ್ತು. ಸೆರಗಿನ ತುದಿ ಬಿಟ್ಟ ಕೈ ಈಗ ಮೇಜನ್ನು ಬಿಗಿಯಾಗಿ ಹಿಡಿದಿತ್ತು.

ಮೊದಲಿನ ಎರಡು ತಪ್ಪು ನನ್ನ ಸ್ವಂತ ದಡ್ಡತನದವು, ಅದರಲ್ಲಿ ಸಂಶಯವಿಲ್ಲ. ಮೂರನೆಯದು ಹಾಗಲ್ಲ. ಹಲ್ಲಿಗೆ ಹಲ್ಲು ಕೂಡಿದ ಗಾಲಿಗಳು ಎದುರುಬದುರು ತಿರುಗುತ್ತವೆ ಎಂಬುದನ್ನು ನಾನು ಆ ಎರಡು ವರ್ಷಗಳಲ್ಲಿ ಕಡಿಮೆಯೆಂದರೂ ನೂರು ಸಲ ಕೇಳಿದ್ದೆ.

"ಇನ್ನೊಂದು ಮಾತು ಮಕ್ಕಳೇ. ಎರಡು ಗಾಲಿ ಹಿಂಗ ಕೂಡಿಸಿದ್ರ, ಎರಡೂ ಒಂದ ಕಡೆಗೆ ತಿರಗತಾವ."

"ತಪ್ಪು!"

ಆ ದನಿಗೆ ಹೆಡ್ ಮಾಸ್ಟರೂ ನೆಟ್ಟಗೆ ಕೂತರು. ಅತ್ತೆ ಹುಡುಗಿಯ ಕಿವಿಗೆ ಬಗ್ಗಲಿಲ್ಲ, ಗೋಡೆಯ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಸರೀರಿ ಅತ್ಲಾಗ! ಹಲ್ಲಿಗೆ ಹಲ್ಲು ಸಿಕ್ಕ ಮ್ಯಾಲೆ ಎರಡೂ ಒಂದ ಕಡೆ ಹೆಂಗ ತಿರಗತಾವ? ಗಾಲಿ ತಿರಗತಾವೋ ನಿಮ್ಮ ತೆಲಿ ತಿರಗತೈತೋ? ಹುಡುಗರಿಗೆ ಸುಳ್ಳು ಹೇಳ್ತೀರೇನು? ಬಿಡ್ರಿ, ನಾ ಹೇಳ್ತೀನಿ!"

ಸರಿದು ನಿಂತೆ. ಆಮೇಲೆ ಒಂದು ತಾಸು ನಮ್ಮ ಅತ್ತೆ ಮಾತಾಡಿದರು. ಬಾವಿಯ ರಾಟೆ, ಗಿರಣಿಯ ಪಟ್ಟಾ, ಕಾಲುವೆಯ ತೂಬು, ಸೈಕಲ್ಲಿನ ಚೈನು ಎಲ್ಲ ಬಂದವು. ಒಬ್ಬೊಬ್ಬ ಹುಡುಗನೂ ಹುಡುಗಿಯೂ ಬಂದು ಹಿಡಿಕೆ ತಿರುಗಿಸಬೇಕು, ಗುಂಡು ಏಳುವುದನ್ನು ಕಣ್ಣಾರೆ ನೋಡಬೇಕು, ಎಷ್ಟು ಸುತ್ತಾಯಿತು ಎಂದು ಹೇಳಬೇಕು. ಯಾರೂ ಬಿಡುವ ಹಾಗಿಲ್ಲ. ಕೊನೆಗೆ ಹೆಡ್ ಮಾಸ್ಟರೂ ಸಾಲಿನಲ್ಲಿ ನಿಂತು ತಿರುಗಿಸಿದರು. ಊಟದ ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ನಾನು ಮೂಲೆಯ ಬೆಂಚಿನಲ್ಲಿ ಕೂತು, ಬೈಸಿಕೊಂಡ ಸಂತೋಷದಲ್ಲಿ ಒಬ್ಬನೇ ಹಲ್ಲು ಕಿಸಿಯುತ್ತಿದ್ದೆ.

ವಾಪಸ್ಸಾಗುವಾಗ ಸಿರುಗುಪ್ಪದಲ್ಲಿ ಬಸ್ಸು ಖಾಲಿ ಇತ್ತು. ಅತ್ತೆ ಸೆರಗು ಮತ್ತೆ ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಪಕ್ಕ ಕೂತರು. ಆಯಿತು, ಇನ್ನು ಕಂಡಕ್ಟರನೇ ಗತಿ ಎಂದುಕೊಂಡು ನಾನು ಹಿಂದಿನ ಸೀಟಿಗೆ ಹೊರಟೆ.

"ಇಲ್ಲಿ ಕುಂದ್ರು."

ಸುತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ. ಅವರ ಪಕ್ಕದ ಸೀಟಿನ ತುದಿಯಲ್ಲಿ ಕೂತೆ. ಬಸ್ಸು ಹೊರಟಿತು. ಎರಡೂ ಕಡೆ ಭತ್ತದ ಗದ್ದೆ. ಅತ್ತೆ ಚೀಲದಿಂದ ಬುತ್ತಿ ತೆಗೆದು, ಎರಡು ರೊಟ್ಟಿ ನನ್ನ ಕೈಗಿಟ್ಟರು.

"ತಿನ್ನು. ಮುಂಜಾನಿಂದ ಬರೇ ಚಾದ ಮ್ಯಾಲೆ ಅದೀ."

ನಾನು ರೊಟ್ಟಿ ಮುರಿದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು, "ಮೂರನೇದು ಬೇಕಂತ ತಪ್ಪು ಹೇಳಿದಿ, ಹೌದಲ್ಲೋ?"

ಸಿಕ್ಕಿಬಿದ್ದೆ. ತಲೆ ಬಗ್ಗಿಸಿ, "ಹ್ಞೂಂ" ಎಂದೆ.

"ಯಾಕ?"

"ನೀವು ನನ್ನ ಕೂಡ ಒಮ್ಮೆ ಮಾತಾಡ್ಲಿ ಅಂತ."

ಅವರು ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮೆತ್ತಗೆ ಹೇಳಿದರು.

"ನಾ ಮಾತಾಡಂಗಿಲ್ಲಪ್ಪಾ, ನಮ್ಮವ್ವ ಕಲಿಸಿದ ಪದ್ಧತಿ ಅದು. ನಿನಗ ಯಾವ ಪದ್ಧತಿ ಅಡ್ಡ ಬಂದಿತ್ತು? ಹದಿನಾಕು ವರ್ಷ ಆತು. 'ಅಜ್ಜಿಗೆ ಹೇಳು', 'ನಿಮ್ಮವ್ವಗ ಕೇಳು'. ಒಂದ್ ದಿನರ 'ಅತ್ತೀ' ಅಂತ ಕರದೀ ಏನು ನೀನು? ತಾಯಿ ಇಲ್ಲದ ಹುಡುಗ, ಎಂದರ ಕರದಾನು, ಕರದ ದಿನ ಪದ್ಧತಿ ಹಾಳಾಗಿ ಹೋಗ್ಲಿ, ಓಗೊಟ್ಟು ಬಿಡೋಣ ಅಂತ ನಾನೂ ಕಾಯಕೋಂತ ಕುಂತೀನಿ."

ನನ್ನ ಹದಿನಾಲ್ಕು ವರ್ಷಗಳನ್ನು ಒಂದೊಂದಾಗಿ ನೆನೆದೆ. ಒಂದು ದಿನವೂ ಕರೆದಿರಲಿಲ್ಲ. ಕರೆಯಲು ಬಾಯಿ ಬಂದಿರಲಿಲ್ಲ. ತಾಯಿಯಂಥ ಹೆಂಗಸನ್ನು ಹಾಗೆ ಕೂಗಿ ಕರೆದು ಮೂವತ್ತು ವರ್ಷವಾಗಿತ್ತು, ಹೇಗೆ ಕರೆಯುವುದೆಂದೇ ಮರೆತುಹೋಗಿತ್ತು. ಕರೆದಾಗ ಅವರು ಓಗೊಡದಿದ್ದರೆ ಎಂಬ ಹೆದರಿಕೆಯೂ ಇತ್ತು. ಅಪರಾಧಿಯನ್ನು ಹುಡುಕುತ್ತಾ ಅಡುಗೆಮನೆಯ ಕಡೆ ಬೆರಳು ತೋರಿಸುತ್ತಿದ್ದೆ, ನಿಜವಾದ ಅಪರಾಧಿ ಹಾಲಿನ ಕುರ್ಚಿಯಲ್ಲೇ ಕೂತಿದ್ದ.

ಅತ್ತೆ ಬುತ್ತಿಯ ಗಂಟು ಕಟ್ಟತೊಡಗಿದ್ದರು. ನಾನು ಅತ್ತೀ ಎನ್ನಬೇಕೆಂದು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಯವ್ವಾ, ಚಟ್ನಿಪುಡಿ ಐತೇನು?"

ಗಂಟು ಕಟ್ಟುತ್ತಿದ್ದ ಕೈ ಅಲ್ಲೇ ನಿಂತಿತು. ಸೆರಗಿನ ಅಂಚಿನಿಂದ ಒಮ್ಮೆ ಕಣ್ಣೊರೆಸಿಕೊಂಡು, ಅರ್ಧ ಕಟ್ಟಿದ ಗಂಟನ್ನು ಮತ್ತೆ ಬಿಚ್ಚಿದರು.

"ಐತೋ ಯಪ್ಪಾ. ತಡಿ, ಎಣ್ಣಿ ಹಾಕಿ ಕೊಡ್ತೀನಿ."